ಆನ್‌ಲೈನ್ ಹರಾಜಿನ ‘ಕೆ-ಕೋಡ್’ ಮಸ್ಟಾಂಗ್: ಬಿಡ್ ಹಾಕುವ ಮುಂಚೆ ನಾನು ನೋಡುವುದು

ಅಮೆರಿಕದ ಆನ್‌ಲೈನ್ ಹರಾಜುಗಳಲ್ಲಿ 1965ರ ಫೋರ್ಡ್ ಮಸ್ಟಾಂಗ್‌ಗೆ ಬರವಿಲ್ಲ. ಆದರೆ 271 ಅಶ್ವಶಕ್ತಿಯ 289 ಘನ ಇಂಚಿನ ವಿ8 (ಎಂಟು ಸಿಲಿಂಡರ್) ಎಂಜಿನ್ ಇರುವ ಅಸಲಿ ‘ಕೆ-ಕೋಡ್’ ಅಪರೂಪ, ಬೆಲೆಯೂ ಜಾಸ್ತಿ. ಮೋಸ ಮಾಡುವವರ ಕಣ್ಣೂ ಅದರ ಮೇಲೆಯೇ.

ಮೊದಲು ಚಾಸಿ ನಂಬರ್. ಶುರುವಿನಲ್ಲಿ 5 ಎಫ್ 09 ಕೆ ಎಂದಿದ್ದರೆ ಅದು ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ ತಯಾರಾದ 1965ರ ಮಾಡೆಲ್‌ನ, ಕೆ ಎಂಜಿನ್ನಿನ ಫಾಸ್ಟ್‌ಬ್ಯಾಕ್ (ಚಾವಣಿ ಹಿಂದಕ್ಕೆ ಇಳಿಜಾರಾಗಿರುವ ಗಾಡಿ). ಕೆ ಬದಲು ಸಿ ಅಥವಾ ಎ ಇದ್ದರೆ ಮಾಮೂಲಿ 289. ಬಾಗಿಲ ಮೇಲಿನ ಪಟ್ಟಿಯನ್ನು ನಾನು ಪುರಾವೆ ಎಂದು ಒಪ್ಪುವುದೇ ಇಲ್ಲ; ಬೇಕಾದ ನಂಬರ್ ಒತ್ತಿದ ಹೊಸ ಪಟ್ಟಿ ದುಡ್ಡಿಗೆ ಸಿಗುತ್ತದೆ. ಬಾನೆಟ್ ಎತ್ತಿದರೆ ಚಾಲಕನ ಬದಿಯ ಫೆಂಡರ್ ಅಂಚಿನಲ್ಲೊಂದು ಕಚ್ಚು ಇದೆ. ಅದರೊಳಗೆ ಒಳತಗಡಿನ ಮೇಲೆ ಒತ್ತಿರುವ ನಂಬರಿನ ಫೋಟೊ ಕೇಳುತ್ತೇನೆ. ಟಾರ್ಚನ್ನು ಓರೆಯಾಗಿ ಹಿಡಿದು, ಸುತ್ತ ಒಂದು ಗೇಣು ತಗಡು ಕಾಣುವಂತೆ ತೆಗೆದಿರಬೇಕು. ಓರೆ ಬೆಳಕಿನಲ್ಲಿ ವೆಲ್ಡಿಂಗ್ ಗೆರೆ, ಗ್ರೈಂಡರ್ ಗೀರು, ಪುಟ್ಟಿ ಎಲ್ಲ ಎದ್ದು ಕಾಣುತ್ತವೆ. ಅವು ಕಂಡರೆ ಬೇರೆ ಗಾಡಿಯ ನಂಬರ್ ತುಂಡನ್ನು ಕತ್ತರಿಸಿ ಕೂರಿಸಿರಬಹುದು. ತುಕ್ಕು ತೆಗೆಯಲು ತಗಡು ಬದಲಿಸಿದ್ದೂ ಇರಬಹುದು. ಹಾಗಿದ್ದರೆ ರಿಪೇರಿಯ ಬಿಲ್ಲು, ಫೋಟೊ ಬೇಕು. ಇಂಥ ಫೋಟೊ ಕೊಡಲು ಸಬೂಬು ಹೇಳುವವರ ಗಾಡಿ ನನಗೆ ಬೇಡ.

ಆಮೇಲೆ ಗಾಡಿಯ ಅಡಿ. ಕೆ-ಕೋಡ್‌ನ ಹಿಂದಿನ ಆಕ್ಸಲ್ 9 ಇಂಚಿನದು (ಒಳಗಿನ ದೊಡ್ಡ ಗೇರಿನ ಅಡ್ಡಳತೆ), ಉಳಿದ ವಿ8ಗಳದ್ದು 8. ಡಿಫರೆನ್ಷಿಯಲ್‌ನ ಕೆಳಗಿನ ನಟ್‌ಗಳಿಗೆ ಸಾಕೆಟ್ ನೇರವಾಗಿ ಕೂತರೆ ಅದು 8 ಇಂಚು; 9 ಇಂಚಿನದರಲ್ಲಿ ಉಬ್ಬು ಅಡ್ಡ ಬರುತ್ತದೆ, ಸ್ಪ್ಯಾನರೇ ಬೇಕು. ಅಲ್ಲಿನ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಇದನ್ನು ನೋಡಿಸುತ್ತೇನೆ. ಬ್ಲಾಕ್ ಮೇಲಿನ ಎರಕದ ತಾರೀಖನ್ನೂ ಓದಿಸುತ್ತೇನೆ: 5 ಬಿ 12 ಎಂದರೆ 1965ರ ಫೆಬ್ರವರಿ 12. ಗಾಡಿ ಜೋಡಿಸಿದ ದಿನದ ನಂತರದ ತಾರೀಖಿದ್ದರೆ ಆ ಬ್ಲಾಕ್ ಈ ಗಾಡಿಯದಲ್ಲ. ಕಾರ್ಖಾನೆಯದೇ ಏಸಿ ಇದೆ ಎಂದರೂ ಅನುಮಾನಪಡಬೇಕು; ಕೆ-ಕೋಡ್‌ಗೆ ಫೋರ್ಡ್ ಏಸಿ ಕೊಡುತ್ತಿರಲಿಲ್ಲ.

ಗಾಡಿಯ ಹಿಂದಿನ ಕಥೆ ಹೇಳುವ ಆನ್‌ಲೈನ್ ಹಿಸ್ಟರಿ ರಿಪೋರ್ಟ್ ನಡೆಯುವುದು 17 ಅಕ್ಷರದ ಚಾಸಿ ನಂಬರಿನ ಮೇಲೆ; ಆ ನಂಬರ್ ಬಂದದ್ದು 1981ರ ಮಾಡೆಲ್‌ಗಳಿಂದ. ಹಾಗಾಗಿ ‘ಹಿಸ್ಟರಿ ರಿಪೋರ್ಟ್ ಕ್ಲೀನ್’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಫೋರ್ಡ್ ದಾಖಲೆಯಿಂದ ತೆಗೆದುಕೊಡುವ ಮಾರ್ಟಿ ರಿಪೋರ್ಟ್ ಕೂಡ 1967ರಿಂದೀಚೆಗಿನ ಗಾಡಿಗಳಿಗೆ ಮಾತ್ರ.

ಇನ್ನು ಹಣ. ಹರಾಜು ಕೈತಪ್ಪಿದ ಮೇಲೆ ‘ಗೆದ್ದವರು ಹಿಂದೆ ಸರಿದರು, ನಿಮಗೇ ಕೊಡುತ್ತೇನೆ’ ಎಂಬ ಈಮೇಲ್ ಬಂದರೆ ಉತ್ತರ ಕೊಡುವುದಿಲ್ಲ. ಹರಾಜಿನ ತಾಣಕ್ಕೇ ಹೋಗಿ ವಿಚಾರಿಸುತ್ತೇನೆ. ಎಸ್ಕ್ರೋ ಕಂಪನಿಯನ್ನು (ಗಾಡಿ ಕೈಸೇರುವ ತನಕ ಹಣ ಇಟ್ಟುಕೊಳ್ಳುವ ಮಧ್ಯವರ್ತಿ) ಆರಿಸುವುದು ನಾನೇ. ಮಾರುವವರು ಕಳಿಸಿದ ಲಿಂಕ್ ಒತ್ತುವುದಿಲ್ಲ. ಅಸಲಿಯಂತೆಯೇ ಕಾಣುವ ನಕಲಿ ಎಸ್ಕ್ರೋ ತಾಣಗಳು ಬೇಕಾದಷ್ಟಿವೆ. ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಸಂದೇಶ ಬಂದರೆ, ಮೊದಲಿಂದ ನನ್ನಲ್ಲಿರುವ ಫೋನ್ ನಂಬರಿಗೇ ಕರೆ ಮಾಡಿ ಕೇಳುತ್ತೇನೆ. ವೈರ್ (ಬ್ಯಾಂಕ್ ಮೂಲಕ ಹಣ) ಕಳಿಸಿದ ಮೇಲೆ ಮೋಸ ಗೊತ್ತಾದರೆ ಅದೇ ಗಳಿಗೆಯಲ್ಲಿ ಬ್ಯಾಂಕಿಗೆ ಫೋನ್ ಮಾಡಿ ಹಣ ತಡೆಯಲು ಹೇಳಬೇಕು, ಇಂಟರ್ನೆಟ್ ಅಪರಾಧಗಳ ದೂರಿಗೆಂದೇ ಇರುವ ಎಫ್‌ಬಿಐನ ಐಸಿ3 ತಾಣದಲ್ಲಿ ದೂರು ದಾಖಲಿಸಬೇಕು.