ಸ್ಕಾಟ್ಲೆಂಡ್‌ನಲ್ಲಿ ಬಾಡಿಗೆ ಕಾರು: ನಾವು ದುಡ್ಡು ಉಳಿಸಿದ್ದು ಹೀಗೆ

ಸ್ಕಾಟ್ಲೆಂಡ್‌ಗೆ ಹೋಗಿ ಬಂದ ಮೇಲೆ ಚಿಕ್ಕಮಗಳೂರಿನಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ. "ಅಲ್ಲಿ ಕಾರು ಬಾಡಿಗೆ ದಿನಕ್ಕೆ ಎಷ್ಟಾಯ್ತಣ್ಣ?" ದಿನದ ಬಾಡಿಗೆಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅದರ ಮೇಲೆ ಕೌಂಟರಿನಲ್ಲಿ ಒಂದೊಂದಾಗಿ ಸೇರಿಸುತ್ತಾರಲ್ಲ, ದುಡ್ಡು ಹೋಗುವುದು ಅಲ್ಲಿ. ಅದಕ್ಕೇ ಏನು ಬೇಕು, ಏನು ಬೇಡ ಅನ್ನೋದನ್ನು ಮನೆಯಲ್ಲೇ ಕೂತು ತೀರ್ಮಾನ ಮಾಡಿಕೊಂಡು ಹೋಗಿದ್ದೆ.

ಮೊದಲು ಡಿಎಲ್ ವಿಷಯ. ಬ್ರಿಟನ್ನಿಗೆ ಕಾಲಿಟ್ಟ ದಿನದಿಂದ 12 ತಿಂಗಳು ನಮ್ಮ ಭಾರತದ ಡಿಎಲ್‌ನಲ್ಲೇ ಕಾರು ಓಡಿಸಬಹುದು. ಆದರೂ ಕೆಲವು ಬಾಡಿಗೆ ಕಂಪನಿಗಳು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೇಳುತ್ತವೆ. ಪರಿವಾಹನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, 1000 ರೂಪಾಯಿ ಫೀಸು ಕಟ್ಟಿ, ನಮ್ಮೂರಿನ ಆರ್‌ಟಿಓ ಆಫೀಸಿನಲ್ಲೇ ಮಾಡಿಸಬಹುದು. ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಆನ್‌ಲೈನಿನಲ್ಲಿ ಯಾರೋ ಡಾಲರ್ ಲೆಕ್ಕದಲ್ಲಿ ಮಾರುವ ಪರ್ಮಿಟ್‌ಗೆಲ್ಲ ದುಡ್ಡು ಹಾಕಬೇಡಿ. ಆರ್‌ಟಿಓದಲ್ಲೇ ಮಾಡಿಸಿ.

ಇನ್ನು ಕಾರು. ಯುರೋಪಿನಲ್ಲಿ ಆಟೋಮ್ಯಾಟಿಕ್‌ಗಿಂತ ಗೇರ್ ಕಾರಿಗೆ ಬಾಡಿಗೆ ಕಡಿಮೆ. ಚಾರ್ಮಾಡಿ ಘಾಟಿಯಲ್ಲಿ ಓಡಾಡುವ ನಮಗೆ ಗೇರ್ ಕಷ್ಟವೇ? ಬ್ರಿಟನ್‌ನಲ್ಲಿ ಓಡಿಸುವುದೂ ಎಡಗಡೆಯಲ್ಲೇ. ಕಾರು ಕೂಡ ಚಿಕ್ಕದನ್ನೇ ತೆಗೆದುಕೊಂಡೆ. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಗುಡ್ಡಗಾಡಿನಲ್ಲಿ ಎಷ್ಟೋ ರಸ್ತೆಗಳು ಒಂದೇ ಗಾಡಿ ಹೋಗುವಷ್ಟು ಕಿರಿದು, ಎದುರು ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಅಲ್ಲಲ್ಲಿ ಜಾಗ ಬಿಟ್ಟಿರುತ್ತಾರೆ. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಜೀಪಿಗೆ ದಾರಿ ಬಿಟ್ಟು ಅಭ್ಯಾಸ ಇರುವವರಿಗೆ ಅದು ಹೊಸದೇನಲ್ಲ. ಚಿಕ್ಕ ಕಾರಿದ್ದರೆ ಬಾಡಿಗೆಯೂ ಕಡಿಮೆ, ಪೆಟ್ರೋಲೂ ಕಡಿಮೆ, ಸರಿಯುವುದೂ ಸುಲಭ. ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್ ಅಂದರೆ ಮಾತ್ರ ಆಗುವುದಿಲ್ಲ.

ಎಡಿನ್‌ಬರೋದಲ್ಲಿ ಇದ್ದಷ್ಟು ದಿನ ಕಾರೇ ತೆಗೆದುಕೊಳ್ಳಲಿಲ್ಲ. ಏರ್‌ಪೋರ್ಟಿನಿಂದ ಊರಿನ ಮಧ್ಯಕ್ಕೇ ಟ್ರಾಮ್ ಇದೆ. ಕೋಟೆ, ಹಳೇ ಪೇಟೆ ಎಲ್ಲ ನಡೆದೇ ನೋಡಬಹುದು. ಪಾರ್ಕಿಂಗ್ ದುಬಾರಿ. ಸುಮ್ನೆ ಕಾರು ನಿಲ್ಲಿಸಿಕೊಂಡು ಅದಕ್ಕೆ ಬಾಡಿಗೆ, ಪಾರ್ಕಿಂಗ್ ಎರಡೂ ಯಾಕೆ ಕಟ್ಟಬೇಕು, ಅಲ್ವಾ? ಊರು ಬಿಡುವ ದಿನ ಊರೊಳಗಿನ ಬ್ರಾಂಚಿನಿಂದಲೇ ಕಾರು ತೆಗೆದುಕೊಂಡೆವು, ಏರ್‌ಪೋರ್ಟಿನ ರೇಟಿಗಿಂತ ಅಲ್ಲಿ ಕಡಿಮೆ ಇತ್ತು. ಒಂದು ವಿಷಯ ನೋಡಿಕೊಳ್ಳಿ, ಊರೊಳಗಿನ ಬ್ರಾಂಚುಗಳು ಭಾನುವಾರ ಮುಚ್ಚಿರಬಹುದು. ಲೆಕ್ಕ 24 ಗಂಟೆಗೆ ಒಂದು ದಿನ. ಬೆಳಿಗ್ಗೆ ಹತ್ತಕ್ಕೆ ತೆಗೆದುಕೊಂಡು ಕೊನೆಯ ದಿನ ಮಧ್ಯಾಹ್ನ ವಾಪಸ್ ಕೊಟ್ಟರೆ ಇನ್ನೊಂದು ದಿನದ ಬಾಡಿಗೆ ಬೀಳುತ್ತದೆ. ತೆಗೆದುಕೊಂಡ ಕಡೆಯೇ ವಾಪಸ್ ಕೊಡುವ ಹಾಗೆ ಗ್ಲೆನ್‌ಕೋ, ಸ್ಕೈ ದ್ವೀಪ, ಇನ್‌ವರ್ನೆಸ್ ಅಂತ ಒಂದು ಸುತ್ತು ಹಾಕಿಕೊಂಡೆವು. ಬೇರೆ ಊರಿನಲ್ಲಿ ಬಿಟ್ಟರೆ ಅದಕ್ಕೆ ಬೇರೆ ಚಾರ್ಜು. ಟೋಲ್ ಖರ್ಚಂತೂ ಇರಲೇ ಇಲ್ಲ. ಸ್ಕೈ ಸೇತುವೆಯ ಟೋಲನ್ನು 2004ರಲ್ಲೇ ತೆಗೆದಿದ್ದಾರೆ, ಎಡಿನ್‌ಬರೋ ಹತ್ತಿರದ ಫೋರ್ತ್ ರಸ್ತೆ ಸೇತುವೆಯದನ್ನು 2008ರಲ್ಲಿ.

ಬುಕ್ ಮಾಡುವಾಗ ಫ್ರೀ ಕ್ಯಾನ್ಸಲೇಷನ್ ಇರುವುದನ್ನೇ ಆರಿಸಿಕೊಂಡೆ. ಆಮೇಲೂ ಆಗಾಗ ರೇಟು ನೋಡ್ತಾ ಇದ್ದೆ. ಇಳಿದಾಗ ಹೊಸದು ಬುಕ್ ಮಾಡಿ, ಹಳೆಯದನ್ನು ಕ್ಯಾನ್ಸಲ್ ಮಾಡಿದೆ.

ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ, ದುಡ್ಡು ಇರುವುದು ಇಲ್ಲೇ. ಅಲ್ಲಿ ಬಾಡಿಗೆಯ ಜೊತೆಗೇ ಸಾಮಾನ್ಯವಾಗಿ ಇನ್ಶೂರೆನ್ಸ್ ಬರುತ್ತದೆ. ಆದರೆ ಕಾರಿಗೆ ಪೆಟ್ಟಾದರೆ ಮೊದಲ ಇಷ್ಟು ಪೌಂಡ್ ನಿಮ್ಮದು ಅಂತ ಒಂದು ಮೊತ್ತ ಇಟ್ಟಿರುತ್ತಾರೆ. ಅದು ಸಾವಿರ ಪೌಂಡ್ ದಾಟುವುದು ಮಾಮೂಲು. ಅದನ್ನು ಸೊನ್ನೆ ಮಾಡುತ್ತೇವೆ ಅಂತ ಕೌಂಟರಿನಲ್ಲಿ ದಿನದ ಲೆಕ್ಕದಲ್ಲಿ ಕೇಳುತ್ತಾರೆ, ಕೆಲವೊಮ್ಮೆ ಅದೇ ಬಾಡಿಗೆಯಷ್ಟಾಗುತ್ತದೆ. ನಾನು ಇಲ್ಲಿಂದ ಹೊರಡುವ ಮೊದಲೇ ಆ ಮೊತ್ತಕ್ಕೆ ಬೇರೆ ಕಡೆ ಕವರ್ ತೆಗೆದುಕೊಂಡಿದ್ದೆ, ಅದು ಎಷ್ಟೋ ಅಗ್ಗ. ನಮ್ಮಲ್ಲಿಯ ಕೆಲವು ಟ್ರಾವೆಲ್ ಪಾಲಿಸಿಗಳಲ್ಲೂ ಅದು ಸೇರಿರುತ್ತದೆ. ಬೇರೆ ಕಡೆ ತೆಗೆದುಕೊಳ್ಳುವ ಕವರ್ ಆದರೆ ಭಾರತದಲ್ಲಿ ಇರುವವರಿಗೆ ಸಿಗುತ್ತದಾ, ಟೈರು, ಗಾಜು ಸೇರಿದೆಯಾ ಅಂತ ಓದಿಕೊಳ್ಳಿ. ಹೀಗೆ ಮಾಡಿದರೆ ಪೆಟ್ಟಾದಾಗ ಮೊದಲು ನೀವು ಕಟ್ಟಿ ಆಮೇಲೆ ಕ್ಲೈಮ್ ಮಾಡಬೇಕು. ಡೆಪಾಸಿಟ್ ಅಂತ ಕಾರ್ಡಿನಲ್ಲಿ ದೊಡ್ಡ ಮೊತ್ತ ತಡೆಹಿಡಿಯುತ್ತಾರೆ. ಹಾಗಾಗಿ ಓಡಿಸುವವರ ಹೆಸರಿನಲ್ಲೇ, ಸಾಕಷ್ಟು ಲಿಮಿಟ್ ಇರುವ ಕ್ರೆಡಿಟ್ ಕಾರ್ಡ್ ಬೇಕು.

ಕೌಂಟರಿನ ಹುಡುಗ ಒಳ್ಳೆಯವನೇ, ಆದರೆ ಬಿಡಲಿಲ್ಲ. "ಇಲ್ಲಿ ಮಳೆ ಸಾರ್, ರಸ್ತೆ ಕಿರಿದು, ತಗೊಂಡುಬಿಡಿ" ಅಂದ. ಮಳೆ ನಮಗೂ ಗೊತ್ತು ಅಂದೆ. ಆಮೇಲೆ ಮಷಿನ್ ಮುಂದೆ ಹಿಡಿದು "ರೂಪಾಯಿಯಲ್ಲಿ ಹಾಕಲಾ?" ಅಂತ ಕೇಳಿದ. ಇದಕ್ಕೆ ಬೇಡ ಅನ್ನಲೇಬೇಕು. ರೂಪಾಯಿ ಅಂದರೆ ಅವರೇ ಇಟ್ಟ ರೇಟು, ಜಾಸ್ತಿಯೇ ಇರುತ್ತದೆ. ಪೌಂಡ್‌ನಲ್ಲೇ ಹಾಕಿ ಅಂದೆ. ಫಾರಿನ್ ಚಾರ್ಜು ಇಲ್ಲದ ಕಾರ್ಡ್ ಇದ್ದರೆ ಇನ್ನೂ ಒಳ್ಳೆಯದು. ಎಷ್ಟೋ ಕಾರ್ಡುಗಳಲ್ಲಿ ನೂರಕ್ಕೆ ಮೂರೂವರೆ ರೂಪಾಯಿ, ಅದರ ಮೇಲೆ ಜಿಎಸ್‌ಟಿ ಹೋಗುತ್ತದೆ.

ಕೀ ಕೈಗೆ ಬಂದ ಮೇಲೆ ಕಾರಿನ ಸುತ್ತ ವಿಡಿಯೋ ಮಾಡಿದೆ. ನಾಲ್ಕೂ ಚಕ್ರ, ಗಾಜು, ಬಂಪರಿನ ಅಡಿ, ಮೀಟರ್, ಪೆಟ್ರೋಲಿನ ಮುಳ್ಳು. ಎಡಗಡೆ ಮುಂದಿನ ರಿಮ್ಮಿನ ಅಂಚು ಕಲ್ಲಿಗೆ ತಾಗಿ ಒರಟಾಗಿತ್ತು, ಬೆರಳಿಟ್ಟರೆ ಗೊತ್ತಾಗುತ್ತಿತ್ತು. ಅವರ ಶೀಟಿನಲ್ಲಿ ಅದಿರಲಿಲ್ಲ. ಹುಡುಗನನ್ನು ಕರೆದು ತೋರಿಸಿ, ಬರೆಸಿ, ಸಹಿ ಹಾಕಿಸಿಕೊಂಡ ಮೇಲೇ ಕಾರು ತೆಗೆದೆ. ವಾಪಸ್ ಕೊಡುವಾಗ ಚೆಕ್ ಮಾಡಿದವರು ಅದೇ ರಿಮ್ಮಿನ ಹತ್ತಿರ ಬಗ್ಗಿ ನೋಡಿದರು, ಶೀಟ್ ನೋಡಿದರು, ಮುಂದೆ ಹೋದರು.

ಪೆಟ್ರೋಲ್ ತುಂಬಿಸಿ ಕೊಟ್ಟಿದ್ದರು, ತುಂಬಿಸಿಯೇ ವಾಪಸ್ ಕೊಟ್ಟೆವು. ಟೆಸ್ಕೋ, ಆಸ್ಡಾದಂಥ ಸೂಪರ್‌ಮಾರ್ಕೆಟ್ ಬಂಕುಗಳಲ್ಲಿ ಸಾಮಾನ್ಯವಾಗಿ ರೇಟು ಕಡಿಮೆ. ಬಿಲ್ ಇಟ್ಟುಕೊಳ್ಳಿ. ಅಲ್ಲಿ ಹಸಿರು ಪೈಪು ಪೆಟ್ರೋಲ್, ಕಪ್ಪು ಡೀಸೆಲ್. ಜಿಪಿಎಸ್ ಬಾಡಿಗೆಗೆ ಬೇಡ, ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಂಡರೆ ಸಾಕು. ಬೋರ್ಡುಗಳಲ್ಲಿ ವೇಗ ಮೈಲಿಯಲ್ಲಿರುತ್ತದೆ. ಊರುಗಳೊಳಗೆ ಎಷ್ಟೋ ಕಡೆ 20 ಮೈಲಿಯೇ ಮಿತಿ, ಕ್ಯಾಮರಾ ಇರುತ್ತದೆ. ದಂಡ ಬಿದ್ದರೆ ಬಾಡಿಗೆ ಕಂಪನಿಯವರು ಅದರ ಮೇಲೆ ತಮ್ಮ ಚಾರ್ಜು ಬೇರೆ ಹಾಕುತ್ತಾರೆ, ಅದೂ ನೀವು ಊರಿಗೆ ಬಂದ ಮೇಲೆ, ಅದೇ ಕಾರ್ಡಿನಿಂದ.