ವಾಟರ್ ಪಂಪ್ ಸೋರಿದರೆ ಟೈಮಿಂಗ್ ಬೆಲ್ಟನ್ನೂ ಬದಲಿಸಿ

ಕಾರು ನಿಂತಿದ್ದ ಜಾಗದಲ್ಲಿ ಅಂಗೈಯಗಲದ ಹಸಿರು ಕಲೆ ಕಂಡಾಗ ನಾನು ಅನುಮಾನಿಸಿದ್ದು ರೇಡಿಯೇಟರ್ ಕೊಳವೆಯನ್ನು. ಎರಡು ದಿನ ಅದರ ಕ್ಲಿಪ್ ಬಿಗಿ ಮಾಡುವುದರಲ್ಲೇ ಕಳೆಯಿತು. ಮೂರನೆಯ ದಿನ ಟಾರ್ಚ್ ಹಿಡಿದು ನೋಡಿದರೆ ನೀರು ಇಳಿಯುತ್ತಿದ್ದುದು ಬೆಲ್ಟಿನ ಕವಚದ ಒಳಗಿನಿಂದ. ಅಲ್ಲಿದ್ದುದು ವಾಟರ್ ಪಂಪ್, ಎಂಜಿನ್ ತಂಪಿಡುವ ಕೂಲಂಟ್ ದ್ರವವನ್ನು ಸುತ್ತಿಸುವ ಪಂಪ್. ಅದರ ಮೈಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗಿಗೆ ನುಗ್ಗದೆ ಹೊರಗೆ ಹರಿಯಲಿ ಎಂದೇ ಅದನ್ನು ಬಿಟ್ಟಿರುತ್ತಾರೆ. ಅದರ ಸುತ್ತ ಉಪ್ಪಿನಂತೆ ಒಣಗಿದ ಪದರ ಕಟ್ಟಿದ್ದರೆ ಪಂಪಿನ ಕಾಲ ಮುಗಿಯಿತು.

ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡವೂ ವಾಲ್ವ್ ತೆರೆಯುವ ಕ್ಯಾಮ್ ದಂಡವೂ ಹೊಂದಿಕೊಂಡು ತಿರುಗುವಂತೆ ಮಾಡುವ ಹಲ್ಲಿನ ಪಟ್ಟಿಯೇ ಟೈಮಿಂಗ್ ಬೆಲ್ಟ್. ಪಂಪನ್ನು ಈ ಬೆಲ್ಟೇ ತಿರುಗಿಸುವ ಎಂಜಿನ್‌ಗಳಿಗೆ ಮಾತ್ರ ನಾನು ಹೇಳುವುದು ಅನ್ವಯಿಸುತ್ತದೆ. ಇಂಥವುಗಳಲ್ಲಿ ಪಂಪ್ ತೆಗೆಯಲು ಬೆಲ್ಟ್ ಬಿಚ್ಚಲೇಬೇಕು. ಕೂಲಂಟಿನಲ್ಲಿ ನೆನೆದ ಹಳೆಯ ಬೆಲ್ಟನ್ನು ಮತ್ತೆ ಹಾಕುವ ಜಿಪುಣತನ ಬೇಡ. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಮತ್ತು ಅದಕ್ಕೆ ದಾರಿ ತೋರುವ ಐಡ್ಲರ್ ಗಾಲಿಯನ್ನೂ ಹೊಸದೇ ತನ್ನಿ. ಬೆಲ್ಟ್ ಓಡುವಾಗ ಹರಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ನು ತೆರೆದ ವಾಲ್ವ್‌ಗೆ ಬಡಿದು ಅದನ್ನು ಬಗ್ಗಿಸಿಬಿಡುತ್ತದೆ. ನಿಮ್ಮ ಎಂಜಿನ್ನಿನ ದುರಸ್ತಿ ಕೈಪಿಡಿ ಪಕ್ಕದಲ್ಲಿರಲಿ. ಕ್ರ್ಯಾಂಕ್, ಕ್ಯಾಮ್ ಹೊಂದಿಸುವ ಗುರುತುಗಳ ಜಾಗವೂ ಬೋಲ್ಟ್ ಬಿಗಿಯುವ ಅಳತೆಯೂ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಕಾರನ್ನು ಜಾಕಿನ ಮೇಲೆ ಬಿಡದೆ ಸ್ಟ್ಯಾಂಡಿನ ಮೇಲೆ ಕೂರಿಸಿ, ಬೆಲ್ಟ್ ಇರುವ ಕಡೆಯ ಮುಂದಿನ ಚಕ್ರ ತೆಗೆಯಿರಿ. ಕೂಲಂಟನ್ನು ಅಗಲ ಬೋಗುಣಿಗೆ ಇಳಿಸಿ ಕೂಡಲೇ ಮುಚ್ಚಿಡಿ. ಅದು ಸಿಹಿ, ಆದರೆ ವಿಷ. ನಾಯಿ ಬೆಕ್ಕುಗಳು ನೆಕ್ಕಿಬಿಡುತ್ತವೆ. ಆಲ್ಟರ್ನೇಟರ್ ಬೆಲ್ಟ್ ತೆಗೆದ ಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟನ್ನು ಸಡಿಲಿಸಿ. ಇಡೀ ಕೆಲಸದಲ್ಲಿ ತೋಳ್ಬಲ ಬೇಕಾಗುವುದು ಇಲ್ಲೊಂದೇ ಕಡೆ. ಗೇರ್ ಕೈಯಲ್ಲಿ ಹಾಕುವ ಕಾರಾದರೆ ಐದನೆಯ ಗೇರಿಗೆ ಹಾಕಿ, ಒಬ್ಬರನ್ನು ಬ್ರೇಕ್ ಒತ್ತಿ ಕೂರಿಸಿ. ನನ್ನ ಅಪ್ಪ ಕೂತಿದ್ದರು, ಪತ್ರಿಕೆ ಓದುತ್ತಾ.

ಎಂಜಿನ್ನನ್ನು ಕಾರಿನ ಮೈಗೆ ಹಿಡಿದಿಡುವ ಒಂದು ಮೌಂಟ್ ಅಡ್ಡ ಬರುವುದು ಸಾಮಾನ್ಯ. ಅದನ್ನು ಬಿಚ್ಚುವ ಮೊದಲು ಎಂಜಿನ್ನಿನ ತಳದ ಆಯಿಲ್ ಸಂಪಿನ ಕೆಳಗೆ ಮರದ ಹಲಗೆ ಇಟ್ಟು ಜಾಕಿನಿಂದ ಎಂಜಿನ್ನಿಗೆ ಆಸರೆ ಕೊಡಿ. ಮೇಲಿನ ಕವಚ ತೆಗೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಕ್ಯಾಮ್ ಗಾಲಿಯ ಗುರುತೂ ಕ್ರ್ಯಾಂಕಿನ ಗುರುತೂ ತಮ್ಮ ತಮ್ಮ ಜಾಗಕ್ಕೆ ಒಟ್ಟಿಗೆ ಬಂದಾಗ ನಿಲ್ಲಿಸಿ. ಫೋಟೊ ತೆಗೆಯಿರಿ, ಬಿಳಿ ಬಣ್ಣದ ಚುಕ್ಕಿಯನ್ನೂ ಇಡಿ. ಆಮೇಲೆ ಪುಲ್ಲಿ, ಕೆಳಗಿನ ಕವಚ, ಟೆನ್ಷನರ್, ಬೆಲ್ಟ್, ಈ ಕ್ರಮದಲ್ಲಿ ಕಳಚಿ. ಬೆಲ್ಟ್ ಇಲ್ಲದಾಗ ಕ್ಯಾಮನ್ನಾಗಲಿ ಕ್ರ್ಯಾಂಕನ್ನಾಗಲಿ ಅಲುಗಿಸಬೇಡಿ.

ಪಂಪಿನ ಬೋಲ್ಟುಗಳೆಲ್ಲ ಒಂದೇ ಉದ್ದ ಇರಬೇಕೆಂದಿಲ್ಲ. ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ಬಂದ ಜಾಗದಲ್ಲೇ ಒಂದೊಂದನ್ನು ಚುಚ್ಚಿಡಿ. ಪಂಪ್ ಕಿತ್ತಾಗ ಉಳಿದ ಕೂಲಂಟ್ ತೋಳಿನುದ್ದಕ್ಕೂ ಇಳಿಯುತ್ತದೆ, ಕನ್ನಡಕ ಹಾಕಿಕೊಂಡಿರಿ. ಸಂದು ಮುಚ್ಚುವ ಹಳೆಯ ಗ್ಯಾಸ್ಕೆಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಚಾಕು ಹಿಡಿದರೆ ಅಲ್ಯೂಮಿನಿಯಂ ಗೀರುತ್ತದೆ, ಸೋರಿಕೆಗೆ ಹೊಸ ದಾರಿ ಸಿಗುತ್ತದೆ. ರಬ್ಬರ್ ಉಂಗುರದ ಪಂಪಿಗೆ ಕೈಪಿಡಿ ಹೇಳದ ಹೊರತು ಸೀಲಂಟ್ ಬಳಿಯಬೇಡಿ. ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಕೊನೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯಿರಿ.

ಹೊಸ ಬೆಲ್ಟನ್ನು ಮಡಿಸಬೇಡಿ, ಸ್ಕ್ರೂಡ್ರೈವರ್‌ನಿಂದ ಮೀಟಿ ಏರಿಸಲೂ ಬೇಡಿ. ಕ್ರ್ಯಾಂಕಿನಿಂದ ಶುರುಮಾಡಿ ಟೆನ್ಷನರ್ ಇಲ್ಲದ ಕಡೆಯಿಂದ ಸುತ್ತುತ್ತಾ ಹೋಗಿ. ಆ ಬದಿ ಬಿಗಿಯಾಗಿರಬೇಕು, ಸಡಿಲವೆಲ್ಲ ಟೆನ್ಷನರ್ ಕಡೆ ಸೇರಬೇಕು. ನಾನು ಎಡವಿದ್ದು ಇಲ್ಲೇ. ಟೆನ್ಷನರ್ ಬಿಗಿ ಮಾಡಿ ಕವಚದತ್ತ ಕೈ ಚಾಚಿದ್ದೆ.

“ಎರಡು ಸುತ್ತು ತಿರುಗಿಸಿದೆಯೇನೋ?” ಎಂದರು ಅಪ್ಪ, ಪತ್ರಿಕೆಯಿಂದ ತಲೆ ಎತ್ತದೆ.

“ಗುರುತು ಸರಿಯಾಗಿದೆಯಪ್ಪ.”

“ತಿರುಗಿಸಿ ಹೇಳು.”

ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು ಬರುತ್ತದೆ, ಗುರುತುಗಳೆಲ್ಲ ಮತ್ತೆ ಕೂಡಬೇಕು. ನನ್ನ ಕ್ಯಾಮ್ ಒಂದು ಹಲ್ಲು ಹಿಂದೆ ನಿಂತಿತ್ತು. ಬಿಚ್ಚಿ ಮತ್ತೆ ಹಾಕಿದೆ. ಸ್ಪ್ಯಾನರ್‌ನಿಂದ ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಾಯ ಮಾಡಬೇಡಿ. ಅದು ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರುವ ಸೂಚನೆ ಇರಬಹುದು.

ಉಳಿದದ್ದು ಬಿಚ್ಚಿದ್ದರ ತಿರುವುಮುರುವು. ಕೈಪಿಡಿ ಹೇಳುವ ಕೂಲಂಟ್ ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಿದ್ದಂತೆ ಮಟ್ಟ ಇಳಿಯುತ್ತದೆ. ಬಿಸಿ ಇರುವಾಗ ಮುಚ್ಚಳ ತೆರೆಯಬೇಡಿ. ರಾತ್ರಿ ಕಾರಿನ ಕೆಳಗೆ ಒಣ ರಟ್ಟು ಹಾಸಿಡಿ, ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ ಕಡಿಮೆಯಿದ್ದಷ್ಟು ತುಂಬಿ. ನನ್ನ ರಟ್ಟಿನ ಮೇಲೆ ಬೆಳಿಗ್ಗೆ ಬೆಕ್ಕು ಮಲಗಿತ್ತು. ಎಬ್ಬಿಸಿ ನೋಡಿದೆ, ಒಣಗಿತ್ತು.