ಮೊದಲು ಎದೆಬಡಿತ, ಆಮೇಲೆ ಸಿಗರೇಟು: ಪ್ಯಾನಿಕ್ ಇರುವವರಿಗೆ ಚಟ ಬಿಡಿಸಿದ ನನ್ನ ಅನುಭವ

ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು ಗಾಬರಿ ಏರುವ ತೊಂದರೆ, ಇರುವವರ ಸಿಗರೇಟಿಗೆ ಸದ್ಯ ಕೈ ಹಾಕಬೇಡಿ, ಗಾಬರಿ ಹತೋಟಿಗೆ ಬಂದ ಮೇಲೆ ನೋಡೋಣ. ನಮ್ಮ ಕೆಲಸದಲ್ಲಿ ಇವತ್ತಿಗೂ ಕೇಳುವ ಮಾತಿದು. ಹಾಗೆ ಕಾದು ಕೂತರೆ ಎರಡೂ ಆಗುವುದಿಲ್ಲ. ನಾನು ಹಿಡಿದ ಕ್ರಮ ಉಲ್ಟಾ: ಬಿಡುವ ದಿನಕ್ಕೆ ಮೂರು ವಾರ ಮುಂಚೆ, ಅವರಿನ್ನೂ ಸೇದುತ್ತಿರುವಾಗಲೇ, ಎದೆ ಹೊಡೆದುಕೊಂಡರೆ ಹೆದರದಂತೆ ಪಳಗಿಸುವುದು. ಬಿಡುವುದು ಆಮೇಲೆ. ಮೂರನೇ ದಿನಕ್ಕೇ ಸೋತು ಮತ್ತೆ ಹಚ್ಚುವವರು ಇದರಿಂದ ಎದ್ದು ಕಾಣುವಷ್ಟು ಕಡಿಮೆಯಾದರು. ಬೇಡ ಎಂದಿದ್ದವರೇ ಈಗ ಇಂಥ ಕೇಸುಗಳನ್ನು ನನ್ನ ಕಡೆ ಕಳಿಸುತ್ತಾರೆ.

ಪ್ಯಾನಿಕ್ ಸುಮಾರು ಹತ್ತು ನಿಮಿಷದಲ್ಲಿ ತುದಿಗೇರಿ ತಾನಾಗಿಯೇ ಇಳಿಯುತ್ತದೆ. ಸಿಗರೇಟ್ ಹುಡುಕಿ, ಹಚ್ಚಿ, ಸೇದಿ ಮುಗಿಸುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಗಾಬರಿ ತನ್ನಷ್ಟಕ್ಕೆ ಇಳಿದಿರುತ್ತದೆ, ಪುಣ್ಯ ಮಾತ್ರ ಸಿಗರೇಟಿಗೆ. ನಿಕೋಟಿನ್ ಎರಡು ಗಂಟೆಗೊಮ್ಮೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದಲ್ಲ, ಆ ಕೊರತೆಯ ಚಡಪಡಿಕೆಯನ್ನೂ ಇವರು "ಮತ್ತೆ ಶುರುವಾಯ್ತು" ಎಂದೇ ತಿಳಿಯುತ್ತಾರೆ.

ಪಳಗಿಸುವುದೆಂದರೆ ಆ ಗಾಬರಿಯ ಲಕ್ಷಣಗಳನ್ನು ಬೇಕೆಂದೇ ತರಿಸುವ ಅಭ್ಯಾಸ. ಇಸಿಜಿ, ಬಿಪಿ, ಥೈರಾಯ್ಡ್ ನೋಡಿಸಿದ ಮೇಲೆಯೇ ಅದು. ಹೃದಯದ ತೊಂದರೆ, ಉಬ್ಬಸ, ಫಿಟ್ಸ್ ಇರುವವರಿಗೆ, ಗರ್ಭಿಣಿಯರಿಗೆ ಇದು ಬೇಡ. ಮೊದಲನೆಯದು ಸ್ಟ್ರಾ ಉಸಿರು. ಎಳನೀರಿನ ಸ್ಟ್ರಾ ದಪ್ಪವಾಯಿತು, ಟೆಟ್ರಾ ಪ್ಯಾಕಿನ ಬೆನ್ನಿಗೆ ಅಂಟಿಸಿರುತ್ತಾರಲ್ಲ, ಆ ಸಣ್ಣದು ಬೇಕು. ಈಗಿನವು ಕಾಗದದವು, ಎಂಜಲಿಗೆ ನೆನೆದು ಮುದುಡುತ್ತವೆ, ಕೈಯಲ್ಲಿ ಎರಡಿರಲಿ. ಮೂಗು ಹಿಡಿದು ಬರೀ ಅದರಲ್ಲೇ ಉಸಿರಾಡಬೇಕು. ಮೊದಲ ದಿನ 30 ಸೆಕೆಂಡ್ ಸಾಕು, ವಾರದೊಳಗೆ ಎರಡು ನಿಮಿಷಕ್ಕೆ ಬರಬೇಕು. ಎರಡನೆಯದು ಒಂದು ನಿಮಿಷ ನಾಯಿ ಏದುವಂತೆ ಜೋರುಸಿರು. ತುಟಿ ಜುಮ್ಮೆನ್ನುತ್ತದೆ, ಬೆರಳು ಮರಗಟ್ಟುತ್ತವೆ, ತಲೆ ಹಗುರಾಗುತ್ತದೆ. ಅದೇ ಬೇಕಾದ್ದು. ಮೂರನೆಯದು ನಿಂತಲ್ಲೇ ಓಟ, ಒಂದು ನಿಮಿಷ. ನಾಲ್ಕನೆಯದೂ ಒಂದಿದೆ. ಎದುರು ಕೂತು ಕಲಿಸದೆ ಅದನ್ನು ಯಾರೂ ಮಾಡಬಾರದು, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಪ್ರತಿ ಸಲ ಮುಗಿದ ಕೂಡಲೇ ಒಂದೇ ಪ್ರಶ್ನೆ: "ಹದಿನಾರಾಣೆಯಲ್ಲಿ ಎಷ್ಟಾಣೆ ಹೆದರಿಕೆ?" ಬೀಡಿ ಸೇದುವ ಹಿರಿಯರಿಗೆ ಹತ್ತರ ಅಳತೆಗಿಂತ ಇದು ಚೆನ್ನಾಗಿ ಹಿಡಿಸುತ್ತದೆ. ನಾಲ್ಕಾಣೆಗೆ ಇಳಿಯುವ ತನಕ ಅದೇ ಅಭ್ಯಾಸ. ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ನಾಲ್ಕೈದು ಸಲ.

ನಾನು ಬಹಳ ಕಾಲ ಎಡವಿದ್ದು ಇಲ್ಲೇ. ಸ್ಟ್ರಾ ತೆಗೆದ ತಕ್ಷಣ ಹೊಟ್ಟೆಯುಸಿರು ಹೇಳಿಕೊಡುತ್ತಿದ್ದೆ. ಎಲ್ಲರೂ ನಿರಾಳ. ಆದರೆ ಅವರು ಕಲಿತದ್ದು "ನಿಧಾನ ಉಸಿರು ತಗೊಂಡೆ, ಬದುಕಿದೆ" ಎಂಬುದನ್ನು. ಕಲಿಯಬೇಕಾದ್ದು ಏನೂ ಮಾಡದಿದ್ದರೂ ಎದೆ ತಾನೇ ತಣ್ಣಗಾಗುತ್ತದೆ ಎಂಬುದು. ಬಿಟ್ಟ ಎರಡನೇ ದಿನ ಆ ಉಸಿರು ಸಾಲದೆ ಅಂಗಡಿಗೆ ಓಡುತ್ತಿದ್ದರು. ಈಗ ಸ್ಟ್ರಾ ತೆಗೆದ ಮೇಲೆ ಸುಮ್ಮನೆ ಕೂರುವುದಷ್ಟೇ. ನೀರಿನ ಬಾಟಲಿ, ಜೇಬಿನ ಆಲ್ಪ್ರಜೋಲಾಮ್ ಎಂಬ ಗಾಬರಿಯ ಮಾತ್ರೆ ಮೇಜಿನ ಆ ತುದಿಯಲ್ಲಿರಬೇಕು. ದಿನಾ ನುಂಗುತ್ತಿರುವವರು ಮಾತ್ರ ಅದನ್ನು ತಟ್ಟನೆ ನಿಲ್ಲಿಸಬಾರದು, ವೈದ್ಯರೇ ಇಳಿಸಬೇಕು.

ಇದೇ ಮೂರು ವಾರ ಇನ್ನೊಂದು ಕಟ್ಟುಪಾಡು: ಎಷ್ಟಾದರೂ ಸೇದಲಿ, ಗಾಬರಿಯಲ್ಲಿ ಮಾತ್ರ ಬೇಡ. ಗಡಿಯಾರ ನೋಡಿ 20 ನಿಮಿಷ ಬಿಟ್ಟು ಹಚ್ಚಲಿ. ದಿನಕ್ಕೊಂದು ಕಡಿಮೆ ಮಾಡಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಆ ಗಾಬರಿಯ ಸಿಗರೇಟೇ, ಬೇರು ಬಿಟ್ಟಿರುವುದೂ ಅದೇ. ಅದಕ್ಕೇ ಅದನ್ನು ಮೊದಲು ಕೀಳಬೇಕು.

ಈಗ ಕಾಫಿ. ಇದನ್ನು ಮರೆತು ಕೆಡಿಸಿಕೊಂಡ ಕೇಸುಗಳೇ ಹೆಚ್ಚು. ಹೊಗೆಯ ಟಾರಿನಲ್ಲಿರುವ ವಸ್ತುಗಳು ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವವನ್ನು ಚುರುಕಾಗಿಸುತ್ತವೆ, ಕೆಫೀನು ಬೇಗ ಬೇಗ ಖಾಲಿಯಾಗುತ್ತದೆ. ಸೇದುವುದು ನಿಂತ ಎರಡು ಮೂರು ದಿನದಲ್ಲಿ ಕಿಣ್ವ ಮಂದವಾಗುತ್ತದೆ. ಲೋಟ ಅಷ್ಟೇ, ರಕ್ತದಲ್ಲಿ ಕೆಫೀನು ಮಾತ್ರ ಎರಡರಷ್ಟಾಗಬಹುದು. ಕೈ ನಡುಕ, ಎದೆ ಢವಢವ, ರಾತ್ರಿ ನಿದ್ದೆಯಿಲ್ಲ. ನಿಕೋಟಿನ್ ಕೊರತೆ ತುದಿಗೇರುವುದೂ ಅದೇ ಎರಡನೇ ಮೂರನೇ ದಿನ. ಸಿಗರೇಟಿನ ಬದಲು ಕೊಡುವ ನಿಕೋಟಿನ್ ಗಮ್ ಅಗಿದರೂ ಕೆಫೀನಿನ ಕಾಟ ತಪ್ಪುವುದಿಲ್ಲ, ಕಿಣ್ವವನ್ನು ಎಬ್ಬಿಸುವುದು ಹೊಗೆಯೇ ಹೊರತು ನಿಕೋಟಿನ್ ಅಲ್ಲ. ಹಾಗಾಗಿ ಬಿಡುವ ದಿನದಿಂದ ಎಲ್ಲ ಕಾಫಿಯೂ ಬೈ-ಟು, ಮಧ್ಯಾಹ್ನದ ಮೇಲೆ ಇಲ್ಲ. ಚಿಕೋರಿಯಲ್ಲಿ ಕೆಫೀನಿಲ್ಲ, ಮನೆಯ ಪುಡಿಯಲ್ಲಿ ಅದನ್ನು ಹೆಚ್ಚಿಸಿದರೂ ನಡೆಯುತ್ತದೆ. ಚಹಾ ಕುಡಿಯುವವರಿಗೂ ಇದೇ ಲೆಕ್ಕ.

ಬೀಡಿಯವರಲ್ಲಿ ಇನ್ನೊಂದು ಅಪಾಯವಿದೆ. ಎಷ್ಟೋ ಜನ ಕೆಮ್ಮು, ಉಬ್ಬಸಕ್ಕೆ ವರ್ಷಗಟ್ಟಲೆ ಡೆರಿಫಿಲಿನ್ ನುಂಗುತ್ತಿರುತ್ತಾರೆ. ಅದರ ಥಿಯೋಫಿಲಿನ್ ಕೂಡ ಇದೇ ಕಿಣ್ವದ ದಾರಿಯಲ್ಲಿ ಕರಗುವುದು. ಬೀಡಿ ಬಿಟ್ಟರೆ ಅದರ ಮಟ್ಟ ಏರುತ್ತದೆ, ಎದೆ ಓಡುತ್ತದೆ, ಎಲ್ಲರೂ ಪ್ಯಾನಿಕ್ ಎನ್ನುತ್ತಾರೆ. ಇದೇ ದಾರಿಯಲ್ಲಿ ಕರಗುವ ಮನೋರೋಗದ ಮಾತ್ರೆಗಳಾದ ಕ್ಲೋಜಪಿನ್, ಓಲಾಂಜಪಿನ್ ತೆಗೆದುಕೊಳ್ಳುವವರ ಡೋಸನ್ನೂ ಬಿಡುವ ಮುಂಚೆಯೇ ವೈದ್ಯರ ಕಿವಿಗೆ ಹಾಕಿ.

ಗಮ್ ಕೊಟ್ಟು ಕಳಿಸಿದರೆ ಬಬಲ್ ಗಮ್ಮಿನಂತೆ ಅಗಿಯುತ್ತಾರೆ. ರಸ ಹೊಟ್ಟೆಗೆ ಇಳಿದು ಬಿಕ್ಕಳಿಕೆ, ವಾಕರಿಕೆ, ಎದೆಬಡಿತ. "ಗಮ್ ನನಗೆ ಆಗಿಬರಲ್ಲ ಸಾರ್" ಎಂದು ಎರಡನೇ ದಿನಕ್ಕೇ ವಾಪಸ್. ನಾಲ್ಕಾರು ಸಲ ಕಚ್ಚಬೇಕು, ಖಾರ ಬಂದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಸಿಕ್ಕಿಸಿ ಬಿಡಬೇಕು. ಖಾರ ಹೋದರೆ ಮತ್ತೆ ಕಚ್ಚಿ ಇನ್ನೊಂದು ಕಡೆ. ಒಂದು ಗಮ್ ಅರ್ಧ ಗಂಟೆ ಬರಬೇಕು. ಬಾಯಿ ಹುಳಿಯಾದರೆ ನಿಕೋಟಿನ್ ಹೀರುವುದಿಲ್ಲ, ಆದ್ದರಿಂದ ಕಾಲು ಗಂಟೆ ಮುಂಚಿನಿಂದ ಕಾಫಿ, ಜ್ಯೂಸ್ ಇಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಹಚ್ಚುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ನಾಲ್ಕರದಕ್ಕೆ ವೈದ್ಯರ ಚೀಟಿ ಬೇಕು. ಮೊದಲ ಸಲ ನನ್ನೆದುರೇ ಪೂರ್ತಿ ಅರ್ಧ ಗಂಟೆ ಅಗಿಸುತ್ತೇನೆ, ಮನೆಗೆ ಕಳಿಸಿ ಕಲಿಯಿರಿ ಎನ್ನುವುದಿಲ್ಲ.

ದುಡ್ಡು: ಗಮ್ ಒಂದಕ್ಕೆ ಹತ್ತು ರೂಪಾಯಿ ಆಸುಪಾಸು. ಮೊದಲ ಆರು ವಾರ ದಿನಕ್ಕೆ ಹತ್ತು, ಆಮೇಲೆ ಐದು, ಮೂರು ಎಂದು ಹನ್ನೆರಡು ವಾರಕ್ಕೆ ಆರು ಸಾವಿರದ ಸುತ್ತಮುತ್ತ. ದಿನಕ್ಕೆ ಹತ್ತು ಕಿಂಗ್ ಸೈಜ್ ಸೇದುವವರು ಒಂದು ತಿಂಗಳಲ್ಲಿ ಅಷ್ಟು ಸುಡುತ್ತಾರೆ. ಬೀಡಿಯವರಿಗೆ ಈ ಲೆಕ್ಕ ಹೊಂದುವುದಿಲ್ಲ, ಗಮ್ಮೇ ದುಬಾರಿ. ಅವರನ್ನು ಜಿಲ್ಲಾ ಆಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸಿ, ದಾಸ್ತಾನು ಇದೆಯೇ ಎಂದು ಮೊದಲು ಫೋನ್ ಮಾಡಿ. ಚಟ ಬಿಡಿಸುವ ವರೆನಿಕ್ಲಿನ್ ಮಾತ್ರೆ ಮನಸ್ಸು ಕೆಡಿಸುತ್ತದೆಂದು ಹೆದರುವ ಸಹೋದ್ಯೋಗಿಗಳಿಗೆ 2016ರ ಈಗಲ್ಸ್ ಪ್ರಯೋಗ ತೋರಿಸುತ್ತೇನೆ. ಎಂಟು ಸಾವಿರಕ್ಕೂ ಮಿಕ್ಕಿದ ಜನ, ಅರ್ಧದಷ್ಟು ಮಂದಿಗೆ ಮಾನಸಿಕ ತೊಂದರೆಯ ಹಿನ್ನೆಲೆ. ಆದರೂ ನಿಕೋಟಿನ್ ಪ್ಯಾಚ್ ಅಥವಾ ಡಮ್ಮಿ ಮಾತ್ರೆಗಿಂತ ಗಣನೀಯವಾಗಿ ಹೆಚ್ಚು ತೊಂದರೆ ಕಾಣಲಿಲ್ಲ.

ನಡುವೆ ಒಂದು ಪ್ರಯೋಗ ಮಾಡಿ ನೋಡಿದೆ. ಹೊಗೆಯಿಲ್ಲದೆ, ಕಾಗದ ಸುತ್ತಿದ ಖಾಲಿ ಕೊಳವೆಯಲ್ಲಿ ಸಿಗರೇಟಿನ ಲಯದಲ್ಲೇ ಐದು ನಿಮಿಷ ಎಳೆಸುವುದು. ಅರ್ಧಕ್ಕರ್ಧ ನೆಮ್ಮದಿ ಬರೀ ಗಾಳಿಯಲ್ಲೇ ಸಿಕ್ಕಿತು ಎಂದವರು ಬಹಳ. ಆದರೆ ಇಬ್ಬರು ಮೂವರಿಗೆ ಅದೇ ಹೊಸ ಊರುಗೋಲಾಯಿತು, ಜೇಬಿನಲ್ಲಿ ಇಟ್ಟುಕೊಂಡು ಓಡಾಡತೊಡಗಿದರು. ಈಗ ಒಮ್ಮೆ ತೋರಿಸಿ, ಕೊಳವೆ ವಾಪಸ್ ಇಸಿದುಕೊಳ್ಳುತ್ತೇನೆ.

ಬಿಟ್ಟ ಮೂರನೇ ದಿನ ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ. ಸೇದಿದಿರಾ ಎಂದು ಕೇಳುವುದಿಲ್ಲ. ಕಾಫಿ ಎಷ್ಟಾಯ್ತು, ಗಮ್ ಎಷ್ಟಾಯ್ತು, ಈಗ ಹೆದರಿಕೆ ಎಷ್ಟಾಣೆ, ಈ ಮೂರೇ. ಎಂಟಾಣೆಗಿಂತ ಮೇಲೆ ಹೇಳಿದರೆ ಫೋನ್ ಇಡದೆ ಅಲ್ಲೇ ಸ್ಟ್ರಾ ಉಸಿರು ಮಾಡಿಸುತ್ತೇನೆ.